ಅಲ್ಯೂಮಿನಿಯಂ ಮಿಶ್ರಲೋಹಗಳಲ್ಲಿ ಪ್ರಕ್ಷೇಪ: ಮರುಸ್ಫಟಿಕೀಕರಣಕ್ಕೆ ಅಡ್ಡಿಯೋ ಆಸರೆಯೋ?

ಪ್ರಕ್ಷೇಪಗಳೆಂದರೆ ಮಿಶ್ರಲೋಹದೊಳಗೆ ಬೇರ್ಪಟ್ಟು ನಿಲ್ಲುವ ಬೇರೆ ಸಂಯುಕ್ತದ ಕಣಗಳು. ಮರುಸ್ಫಟಿಕೀಕರಣವೆಂದರೆ ಉರುಳೆಗಳ ನಡುವೆ ಒತ್ತಿ (ರೋಲಿಂಗ್) ವಿರೂಪಗೊಳಿಸಿದ ಲೋಹವನ್ನು ಕಾಯಿಸಿದಾಗ ಅದರಲ್ಲಿ ಹೊಸ ಹರಳುಗಳು, ಅಂದರೆ ಗ್ರೇನ್‌ಗಳು, ಹುಟ್ಟಿ ಬೆಳೆಯುವುದು. ಪ್ರಕ್ಷೇಪಗಳು ಇದನ್ನು ತಡೆಯುತ್ತವೆ ಎಂದು ಪಠ್ಯಪುಸ್ತಕದ ಒಂದು ಅಧ್ಯಾಯ ಹೇಳುತ್ತದೆ, ಪ್ರಚೋದಿಸುತ್ತವೆ ಎಂದು ಇನ್ನೊಂದು. ಎರಡೂ ನಿಜ. ಕಣ ಎಷ್ಟು ದೊಡ್ಡದು, ಅದು ಹುಟ್ಟಿದ್ದು ಯಾವಾಗ ಎಂದು ಕೇಳಿದ ಮೇಲೆಯೇ ಉತ್ತರ ಸಿಗುವುದು. ಗಾತ್ರದ ಬಗ್ಗೆ ಎಲ್ಲರೂ ಓದಿಕೊಂಡಿರುತ್ತಾರೆ; ಸಮಯದ ಪ್ರಶ್ನೆಯನ್ನು ಮಾತ್ರ ಬಹಳಷ್ಟು ಜನ ಬಿಟ್ಟುಬಿಡುತ್ತಾರೆ.

ದೊಡ್ಡ ಕಣ

ಸುಮಾರು 1 ಮೈಕ್ರಾನ್ ಮೀರಿದ ಕಣಗಳು ಹೆಚ್ಚಾಗಿ ಎರಕದಲ್ಲೇ ಹುಟ್ಟಿದವು. ಕಬ್ಬಿಣ, ಮ್ಯಾಂಗನೀಸ್, ಸಿಲಿಕಾನ್ ಸೇರಿದ ಗಟ್ಟಿ ಸಂಯುಕ್ತಗಳು. ರೋಲಿಂಗ್ ಮಾಡುವಾಗ ಸುತ್ತಲಿನ ಲೋಹ ಹರಿಯುತ್ತದೆ, ಕಣ ಮಾತ್ರ ಬಗ್ಗುವುದಿಲ್ಲ. ಹಾಗಾಗಿ ಅದರ ಮಗ್ಗುಲಲ್ಲಿ ಡಿಸ್ಲೊಕೇಶನ್‌ಗಳು (ಪರಮಾಣುಗಳ ಜೋಡಣೆಯಲ್ಲಿನ ಗೆರೆಯಂಥ ದೋಷಗಳು) ಒತ್ತೊತ್ತಾಗಿ ಸೇರುತ್ತವೆ, ಜಾಲಕ, ಅಂದರೆ ಪರಮಾಣುಗಳ ಕ್ರಮಬದ್ಧ ಜೋಡಣೆ, ಹತ್ತಾರು ಡಿಗ್ರಿ ತಿರುಗಿಕೊಳ್ಳುತ್ತದೆ. ಅನೀಲಿಂಗ್‌ನಲ್ಲಿ, ಅಂದರೆ ಮೆದುವಾಗಲೆಂದು ಕಾಯಿಸುವಾಗ, ಹೊಸ ಗ್ರೇನ್‌ಗಳು ಹುಟ್ಟಲು ಇದಕ್ಕಿಂತ ಅನುಕೂಲದ ಜಾಗ ಬೇರೆಯಿಲ್ಲ. ಇದೇ ಕಣಪ್ರಚೋದಿತ ನ್ಯೂಕ್ಲಿಯೇಶನ್, ಅಂದರೆ ಕಣದಿಂದಾಗಿ ಹೊಸ ಗ್ರೇನ್‌ನ ಮೊಳಕೆ (ನ್ಯೂಕ್ಲಿಯಸ್) ಮೂಡುವುದು. ಹೀಗೆ ಹುಟ್ಟಿದ ಗ್ರೇನ್‌ಗಳ ದಿಕ್ಕುಗಳು ಚದುರಿರುವುದರಿಂದ ಟೆಕ್ಸ್ಚರ್ (ಗ್ರೇನ್‌ಗಳು ಒಂದೇ ದಿಕ್ಕಿಗೆ ವಾಲುವ ಒಲವು) ದುರ್ಬಲವಾಗುತ್ತದೆ. 1 ಮೈಕ್ರಾನ್ ಎಂಬುದು ಸ್ಥಿರ ಗೆರೆಯಲ್ಲ. ರೋಲಿಂಗ್ ಹೆಚ್ಚಿದಷ್ಟೂ ಇನ್ನೂ ಸಣ್ಣ ಕಣವೂ ಸಾಕಾಗುತ್ತದೆ.

ಸಣ್ಣ ಕಣ, ಮತ್ತು ಒಂದು ಲೆಕ್ಕ

ಚಲಿಸುವ ಗ್ರೇನ್ ಗಡಿ ಕಣವೊಂದನ್ನು ಮುಟ್ಟಿದಾಗ ಆ ಕಣ ಆವರಿಸಿದಷ್ಟು ಗಡಿಯ ವಿಸ್ತೀರ್ಣ ಉಳಿತಾಯವಾಗುತ್ತದೆ. ಬಿಡಿಸಿಕೊಂಡು ಮುಂದೆ ಹೋಗಬೇಕಾದರೆ ಆ ವಿಸ್ತೀರ್ಣವನ್ನು ಮತ್ತೆ ಸೃಷ್ಟಿಸಬೇಕು, ಅದಕ್ಕೆ ಶಕ್ತಿ ತೆರಬೇಕು. ಕ್ಲಾರೆನ್ಸ್ ಜೆನರ್ ಅವರ ಈ ವಾದವನ್ನು ಸಿರಿಲ್ ಸ್ಮಿತ್ 1948ರಲ್ಲಿ ಪ್ರಕಟಿಸಿದರು. ಸೂತ್ರ ಸರಳ: ಕಣಗಳ ಗಾತ್ರಾಂಶ (ಲೋಹದ ಒಟ್ಟು ಘನ ಅಳತೆಯಲ್ಲಿ ಕಣಗಳ ಪಾಲು) ಮತ್ತು ಗಡಿಶಕ್ತಿಗಳ (ಗಡಿಯ ಪ್ರತಿ ಚದರ ಮೀಟರಿನ ಶಕ್ತಿ) ಗುಣಲಬ್ಧವನ್ನು 3ರಿಂದ ಗುಣಿಸಿ, ಕಣದ ತ್ರಿಜ್ಯದ ಎರಡರಷ್ಟರಿಂದ ಭಾಗಿಸಿದರೆ ಜೆನರ್ ತಡೆ ಸಿಗುತ್ತದೆ.

ಸೂತ್ರ ಬಾಯಿಪಾಠ ಮಾಡಿದರೆ ಸಾಲದು, ಅಂಕಿ ಹಾಕಿ ನೋಡಬೇಕು. ಗಡಿಶಕ್ತಿ ಚದರ ಮೀಟರಿಗೆ 0.32 ಜೌಲ್ ಎಂದಿಟ್ಟುಕೊಳ್ಳಿ. ಗಾತ್ರಾಂಶ ಶೇ 0.5, ತ್ರಿಜ್ಯ 10 ನ್ಯಾನೋಮೀಟರ್ ಆದರೆ ತಡೆ ಸುಮಾರು 0.24 ಮೆಗಾಪಾಸ್ಕಲ್. ಗಾತ್ರಾಂಶ ಶೇ 2ಕ್ಕೆ ಏರಿದರೂ ತ್ರಿಜ್ಯ 1 ಮೈಕ್ರಾನ್ ಆದರೆ ಬರುವುದು ಬರೀ 0.01. ಇನ್ನು ಎದುರು ಪಕ್ಷ: ಡಿಸ್ಲೊಕೇಶನ್ ಸಾಂದ್ರತೆ ಚದರ ಮೀಟರಿಗೆ 10¹⁵ ಇದ್ದರೆ ಗಡಿಯನ್ನು ಮುಂದೂಡುವ ಒತ್ತಡ ಸುಮಾರು 1 ಮೆಗಾಪಾಸ್ಕಲ್, ರಿಕವರಿಯಿಂದ (ಹೊಸ ಗ್ರೇನ್ ಹುಟ್ಟದೆಯೇ ಶಾಖದಲ್ಲಿ ಡಿಸ್ಲೊಕೇಶನ್‌ಗಳು ಕಡಿಮೆಯಾಗುವುದರಿಂದ) ಸಾಂದ್ರತೆ 10¹⁴ಕ್ಕೆ ಇಳಿದರೆ 0.1 ಮಾತ್ರ. ಅಂದರೆ ಸಣ್ಣ ಕಣಗಳು ಆರಂಭದಲ್ಲಿ ಸೋಲುತ್ತವೆ, ರಿಕವರಿ ಮುಂದುವರಿದ ಮೇಲೆ ಗೆಲ್ಲುತ್ತವೆ. ಕಾಯಿಸುವ ವೇಗಕ್ಕೆ ಅಷ್ಟು ಮಹತ್ವ ಬರಲು ಇದೂ ಒಂದು ಕಾರಣ.

ಯಾವಾಗ ಹುಟ್ಟಿತು?

ಅಲ್ಯೂಮಿನಿಯಂ–ಮ್ಯಾಂಗನೀಸ್ ಹಾಳೆಯನ್ನೇ ತೆಗೆದುಕೊಳ್ಳಿ. ಹೋಮೊಜಿನೈಸೇಶನ್ (ಎರಕವನ್ನು ರೋಲಿಂಗ್‌ಗೆ ಮೊದಲು ಬಹುಹೊತ್ತು ಕಾಯಿಸುವುದು) ಸಾಲದೆ ಮ್ಯಾಂಗನೀಸ್ ಇನ್ನೂ ಘನದ್ರಾವಣದಲ್ಲೇ, ಅಂದರೆ ಅಲ್ಯೂಮಿನಿಯಂನಲ್ಲಿ ಕರಗಿದಂತೆಯೇ, ಉಳಿದಿದ್ದು, ಕೋಲ್ಡ್ ರೋಲಿಂಗ್ ಆದ ಹಾಳೆಯನ್ನು ನಿಧಾನವಾಗಿ ಕಾಯಿಸಿದರೆ, ಹೊಸ ಗ್ರೇನ್ ಹುಟ್ಟುವ ಮೊದಲೇ ಗ್ರೇನ್‌ನೊಳಗಿನ ಸಣ್ಣ ಭಾಗಗಳಾದ ಉಪಗ್ರೇನ್‌ಗಳ ಗಡಿಗಳ ಮೇಲೆ ನುಣ್ಣನೆಯ ಪ್ರಕ್ಷೇಪಗಳು ಕೂತುಬಿಡುತ್ತವೆ. ಬಹುತೇಕ ನ್ಯೂಕ್ಲಿಯಸ್‌ಗಳು ಅಲ್ಲಿಗೆ ಮುಗಿದವು. ಬದುಕುಳಿದ ಕೆಲವೇ ಕೆಲವು ಬೆಳೆಯುತ್ತಾ ಹೋಗಿ, ರೋಲಿಂಗ್ ದಿಕ್ಕಿನಲ್ಲಿ ಉದ್ದವಾಗಿ ಚಪ್ಪಟೆಯಾದ ಒರಟು ಗ್ರೇನ್‌ಗಳಾಗುತ್ತವೆ. ಕ್ಯೂಬ್ ದಿಕ್ಕು (ಜಾಲಕದ ಘನದ ಅಂಚುಗಳು ಹಾಳೆಯ ಉದ್ದ, ಅಗಲ, ದಪ್ಪಗಳಿಗೆ ಸಮಾನಾಂತರವಾಗಿರುವುದು) ಹಿಂದೆ ಸರಿಯುತ್ತದೆ; ಅದರ ಜಾಗಕ್ಕೆ ಪಿ ಎಂದು ಕರೆಯುವ ದಿಕ್ಕೂ, ಹಾಳೆಗೆ ಲಂಬವಾದ ಅಕ್ಷದ ಸುತ್ತ ತಿರುಗಿದ ಕ್ಯೂಬ್ ದಿಕ್ಕೂ ಬರುತ್ತವೆ. ಅದೇ ಹಾಳೆಯನ್ನು ವೇಗವಾಗಿ ಕಾಯಿಸಿದರೆ ಮರುಸ್ಫಟಿಕೀಕರಣವೇ ಮುಂದಾಗುತ್ತದೆ, ಗ್ರೇನ್ ಸಣ್ಣದಾಗುತ್ತದೆ. ಸಂಯೋಜನೆ ಒಂದೇ, ಫಲಿತಾಂಶ ಎರಡು. ಈ ಇಡೀ ವಿಷಯದಲ್ಲಿ ನನಗೆ ಅತ್ಯಂತ ಸ್ವಾರಸ್ಯದ್ದಾಗಿ ಕಾಣುವುದು ಇದೇ.

ಇದರ ಪರಿಣಾಮ ಪಾನೀಯ ಡಬ್ಬಿಗೆ ಬಳಸುವ 3104 ಎಂಬ ಮಿಶ್ರಲೋಹದ ಹಾಳೆಯಲ್ಲಿ ಕಣ್ಣಿಗೇ ಕಾಣುತ್ತದೆ. ಹಾಳೆಯನ್ನು ಲೋಟದಂತೆ ಎಳೆದಾಗ ಅಂಚು ಸಮವಾಗಿ ಬರುವುದಿಲ್ಲ, ಕಿವಿಗಳಂತೆ ಅಲ್ಲಲ್ಲಿ ಉಬ್ಬಿ ಏಳುತ್ತದೆ: ಕ್ಯೂಬ್ ಟೆಕ್ಸ್ಚರ್ ಇದ್ದರೆ ರೋಲಿಂಗ್ ದಿಕ್ಕಿಗೆ 0 ಮತ್ತು 90 ಡಿಗ್ರಿಯಲ್ಲಿ, ರೋಲಿಂಗ್ ಟೆಕ್ಸ್ಚರ್ ಇದ್ದರೆ 45 ಡಿಗ್ರಿಯಲ್ಲಿ. ಹಾಟ್ ರೋಲಿಂಗ್ ಮುಗಿದ ಪಟ್ಟಿಯಲ್ಲಿ ಸಾಕಷ್ಟು ಕ್ಯೂಬ್ ಇದ್ದರೆ, ಮುಂದಿನ ಕೋಲ್ಡ್ ರೋಲಿಂಗ್ ತರುವ 45 ಡಿಗ್ರಿಯ ಕಿವಿಗಳನ್ನು ಅದು ಸರಿದೂಗಿಸುತ್ತದೆ. ದೊಡ್ಡ ಕಣಗಳು ಕ್ಯೂಬನ್ನು ಕೆಡಿಸುತ್ತವೆ ಎಂದು ತೆಗೆದುಹಾಕೋಣವೆಂದರೆ ಅದೂ ಆಗದು. ಡಬ್ಬಿಯ ಗೋಡೆಯನ್ನು ತೆಳುವಾಗಿಸುವಾಗ ಡೈಗೆ ಅಂಟುವ ಅಲ್ಯೂಮಿನಿಯಂ ಅನ್ನು ಉಜ್ಜಿ ತೆಗೆಯುವವು ಅವೇ.

ಜಿರ್ಕೋನಿಯಂ, ಮತ್ತು 7075

7050 ಎಂಬ ಮಿಶ್ರಲೋಹದಲ್ಲಿ ಶೇ 0.08ರಿಂದ 0.15ರಷ್ಟು ಜಿರ್ಕೋನಿಯಂ ಇರುತ್ತದೆ. ಅದು ಕೆಲವು ಹತ್ತು ನ್ಯಾನೋಮೀಟರ್ ಗಾತ್ರದ, ಜಾಲಕಕ್ಕೆ ಹೊಂದಿಕೊಂಡ ಕಣಗಳಾಗಿ ಮರುಸ್ಫಟಿಕೀಕರಣವನ್ನು ಕಟ್ಟಿಹಾಕುತ್ತದೆ. ಆದರೆ ಎರಕ ಗಟ್ಟಿಯಾಗುವಾಗ ಜಿರ್ಕೋನಿಯಂ ಡೆಂಡ್ರೈಟ್‌ಗಳ (ಮರದ ಕೊಂಬೆಗಳಂತೆ ಬೆಳೆಯುವ ಹರಳುಗಳ) ಒಳತಿರುಳಿನಲ್ಲೇ ಹೆಚ್ಚಾಗಿ ಸೇರಿಕೊಳ್ಳುವುದರಿಂದ ಅವುಗಳ ಅಂಚುಗಳಲ್ಲಿ ಜಿರ್ಕೋನಿಯಂ ಕಡಿಮೆಯಾಗುತ್ತದೆ. ಭಾಗಶಃ ಮರುಸ್ಫಟಿಕೀಕರಣ ಶುರುವಾಗುವುದು ಅಲ್ಲಿಂದಲೇ.

7075 ಎಂಬ ಮಿಶ್ರಲೋಹದಲ್ಲಿ ಇನ್ನೊಂದು ಉಪಾಯವಿದೆ. ಸುಮಾರು 400 ಡಿಗ್ರಿ ಸೆಲ್ಸಿಯಸ್‌ನಲ್ಲಿ ಬೇಕೆಂದೇ ಅತಿಯಾಗಿ ಏಜಿಂಗ್ ಮಾಡಿ (ಪ್ರಕ್ಷೇಪಗಳು ಬೆಳೆಯಲೆಂದು ಶಾಖದಲ್ಲಿ ಬಹುಹೊತ್ತು ಇಟ್ಟು) ಅವುಗಳನ್ನು 1 ಮೈಕ್ರಾನ್ ಆಸುಪಾಸಿಗೆ ಬೆಳೆಸುತ್ತಾರೆ. ಆಮೇಲೆ ಬೆಚ್ಚಗೆ ರೋಲ್ ಮಾಡಿ, 480 ಡಿಗ್ರಿ ಸುಮಾರಿಗೆ ಥಟ್ಟನೆ ಕಾಯಿಸುತ್ತಾರೆ. ಪ್ರತಿ ದೊಡ್ಡ ಕಣದ ಬಳಿ ಗ್ರೇನ್ ಹುಟ್ಟಲು ಅವಕಾಶವಾಗಿ, ಸುಮಾರು 10 ಮೈಕ್ರಾನ್‌ನ ಗ್ರೇನ್‌ಗಳು ಸಿಗುತ್ತವೆ. ಕೆಲಸ ಮುಗಿಸಿದ ಆ ಕಣಗಳು ಅದೇ ಶಾಖದಲ್ಲಿ ಕರಗಿಹೋಗುತ್ತವೆ. ಕರಗದೆ ಉಳಿಯುವ ಕ್ರೋಮಿಯಂ ಕಣಗಳು ಗ್ರೇನ್ ಮತ್ತೆ ದೊಡ್ಡದಾಗದಂತೆ ಹಿಡಿದಿಡುತ್ತವೆ. ಹಾಗಾಗಿ ಮುಗಿದ ಹಾಳೆಯ ಸೂಕ್ಷ್ಮದರ್ಶಕ ಚಿತ್ರವೊಂದನ್ನೇ ನೋಡಿದವರಿಗೆ ಅಷ್ಟು ಸಣ್ಣ ಗ್ರೇನ್ ಎಲ್ಲಿಂದ ಬಂತೆಂದು ಗೊತ್ತಾಗುವುದಿಲ್ಲ.