ಗೋಡೆಗೆ ಬರೆಯುವವರು ಬರುವ ಹೊತ್ತು

ಹಳೆಯ ಕಲ್ಲುಕಟ್ಟಡಗಳ ಮೇಲಿನ ಗೀಚುಬರಹವನ್ನೂ ಬಣ್ಣವನ್ನೂ ತೆಗೆಯುವುದು ನನ್ನ ವೃತ್ತಿ. ಹಾಸನ ಜಿಲ್ಲೆಯಲ್ಲಿ ಯಾವ ಸ್ಮಾರಕಕ್ಕೆ ಹೋದರೂ ಅಲ್ಲಿನ ಸಿಬ್ಬಂದಿ ಮೊದಲು ಕೇಳುವುದು, ‘ಇಷ್ಟು ಜನ ಇದ್ದರೂ ಯಾರ ಕಣ್ಣಿಗೂ ಬೀಳದೆ ಇದನ್ನು ಯಾವಾಗ ಬರೆದರು ಸಾರ್’ ಎಂದು. ನಡುರಾತ್ರಿ ಕಾಂಪೌಂಡು ಹಾರಿ ಬಂದ ಯಾರೋ ಕಿಡಿಗೇಡಿಯ ಚಿತ್ರ ಕೇಳುವವರ ಮನಸ್ಸಿನಲ್ಲಿರುತ್ತದೆ. ಪಟ್ಟಣದ ಗೋಡೆಗಳ ಮಟ್ಟಿಗೆ ಆ ಊಹೆ ಬಹುಪಾಲು ಸರಿ. ದೇವಸ್ಥಾನ ಮತ್ತು ಕೋಟೆಗಳ ಮಟ್ಟಿಗೆ ಬಹುಪಾಲು ತಪ್ಪು. ಅಲ್ಲಿ ಬರೆಯುವವರು ಟಿಕೆಟ್ಟಿನ ಅಗತ್ಯವಿದ್ದರೆ ಟಿಕೆಟ್ಟು ಪಡೆದು, ಚಪ್ಪಲಿ ಬಿಡುವ ಜಾಗದಲ್ಲಿ ಚಪ್ಪಲಿ ಬಿಟ್ಟು, ಹಾಡುಹಗಲಿನಲ್ಲಿಯೇ ಬರುತ್ತಾರೆ. ಅವರನ್ನು ಮರೆಮಾಡುವುದು ಕತ್ತಲೆಯಲ್ಲ, ಕಟ್ಟಡದ ವಿನ್ಯಾಸ ಮತ್ತು ಕಾವಲಿನ ವೇಳಾಪಟ್ಟಿ.

ಹೊಯ್ಸಳ ಗುಡಿಗಳ ಹೊರಗೋಡೆ ನೇರವಾಗಿ ಸಾಗದೆ ಮಡಿಕೆ ಮಡಿಕೆಯಾಗಿ ಒಳಕ್ಕೂ ಹೊರಕ್ಕೂ ತಿರುಗುವುದನ್ನು ನೋಡಿದವರೆಲ್ಲ ಬಲ್ಲರು. ಶಿಲ್ಪ ಹೆಚ್ಚು ಹಿಡಿಸಲಿ, ಬೆಳಕು ನೆರಳು ಚೆನ್ನಾಗಿ ಆಡಲಿ ಎಂದು ಮಾಡಿದ ಆ ವಿನ್ಯಾಸದಲ್ಲಿ ಒಬ್ಬ ಮನುಷ್ಯ ನಿಂತರೆ ಎಡಬಲದ ಎರಡು ಕಡೆಯಿಂದಲೂ ಕಾಣದಂಥ ಸಂದುಗಳು ಹತ್ತಾರು ಸಿಗುತ್ತವೆ. ಹಳೇಬೀಡಿನ ಹೊಯ್ಸಳೇಶ್ವರದಲ್ಲಿ ಜಗತಿಯ, ಅಂದರೆ ಗುಡಿ ನಿಂತಿರುವ ಎತ್ತರದ ಕಟ್ಟೆಯ, ಮೇಲೆ ಪ್ರದಕ್ಷಿಣೆ ಬರುವ ಕಾವಲುಗಾರ ಒಂದು ಮಗ್ಗುಲಿಗೆ ತಿರುಗಿದಾಗ ಹಿಂದಿನ ಮಗ್ಗುಲು ಅವನ ಪಾಲಿಗೆ ಇಲ್ಲವಾಗುತ್ತದೆ. ಸಕಲೇಶಪುರದ ಬಳಿ ಟಿಪ್ಪು ಸುಲ್ತಾನ 1792ರಲ್ಲಿ ಕಟ್ಟಿಸಿದ ಮಂಜರಾಬಾದ್ ಕೋಟೆಯೂ ಎಂಟು ಮೂಲೆಯ ನಕ್ಷತ್ರದ ಆಕಾರದ್ದು. ಹೊರಗಿನ ಶತ್ರುವಿಗೆ ಮರೆಯೇ ಸಿಗಬಾರದೆಂದು ಹೂಡಿದ ಆ ಕೋನಗಳು ಒಳಗೆ ಬಂದವನಿಗೆ ಮರೆಯನ್ನು ಧಾರಾಳವಾಗಿ ಒದಗಿಸುತ್ತವೆ. ಅಲ್ಲಿನ ಕಮಾನಿನ ಕೋಣೆಗಳ ಗಾರೆಯ ಮೇಲೆ ಹೆಸರುಗಳು ಒಂದರ ಮೇಲೊಂದು ಕೂತಿರುವುದಕ್ಕೆ ಇದೂ ಒಂದು ಕಾರಣ.

ಹೊತ್ತಿನ ವಿಷಯಕ್ಕೆ ಬಂದರೆ, ಶಾಲಾ ಪ್ರವಾಸದ ಬಸ್ಸುಗಳು ಸಾಲುಗಟ್ಟುವ ಡಿಸೆಂಬರ್ ಮತ್ತು ಜನವರಿ ತಿಂಗಳುಗಳಲ್ಲಿ ಬೆಳಗಿನ ಹನ್ನೊಂದರಿಂದ ಮಧ್ಯಾಹ್ನ ಎರಡರವರೆಗಿನ ಅವಧಿಯನ್ನು ನಾನು ಅತ್ಯಂತ ಅಪಾಯದ ವೇಳೆ ಎಂದು ಪರಿಗಣಿಸುತ್ತೇನೆ. ಜನ ಹೆಚ್ಚಾದಾಗ ಸಿಬ್ಬಂದಿ ಜನ ಸೇರಿದ ಕಡೆಗೆ, ಅಂದರೆ ಬಾಗಿಲಿಗೆ, ಗರ್ಭಗುಡಿಯ ಮುಂದಕ್ಕೆ, ನಂದಿ ಮಂಟಪದ ಬಳಿಗೆ ಹೋಗುವುದು ಸಹಜ, ಹಿಂಬದಿ ಬರಿದಾಗುತ್ತದೆ. ಊಟದ ಸರದಿಯೂ ಅದೇ ಹೊತ್ತಿಗೆ ಬೀಳುತ್ತದೆ. ಬರೆಯುವವರು ಸಾಮಾನ್ಯವಾಗಿ ಇಬ್ಬರು ಅಥವಾ ಮೂವರಿರುತ್ತಾರೆ. ಒಬ್ಬ ಫೋಟೋಗೆ ನಿಂತಂತೆ ಗೋಡೆಗೆ ಒರಗಿಕೊಂಡರೆ, ಇನ್ನೊಬ್ಬ ಮೊಬೈಲು ಹಿಡಿದುಕೊಂಡರೆ, ನಡುವೆ ಬಗ್ಗಿದವನು ಏನು ಮಾಡುತ್ತಿದ್ದಾನೆಂದು ಹಾದುಹೋಗುವ ಯಾರೂ ಕೇಳುವುದಿಲ್ಲ. ಬೈಕಿನ ಕೀಲಿ, ಜಾಮಿಟ್ರಿ ಬಾಕ್ಸಿನ ಕೈವಾರ, ಒಂದು ಚೂರು ಕಲ್ಲು, ಇಷ್ಟರಲ್ಲಿ ಯಾವುದಾದರೂ ಒಂದು ಸಾಕು. ಹೆಸರಿನ ಮೂರಕ್ಷರ, ಒಂದು ಹೃದಯದ ಗುರುತು, ಮತ್ತೆ ಮೂರಕ್ಷರ. ಬಳಪದ ಕಲ್ಲಿನ ಮೇಲೆ ಇಷ್ಟನ್ನು ಕೆತ್ತಲು ಒಂದೆರಡು ನಿಮಿಷಕ್ಕಿಂತ ಹೆಚ್ಚು ಬೇಕಾಗುವುದಿಲ್ಲ.

ಅಷ್ಟು ಬೇಗ ಆಗುವುದಕ್ಕೆ ಕಲ್ಲೇ ಕಾರಣ. ಬೇಲೂರು, ಹಳೇಬೀಡುಗಳ ಶಿಲ್ಪಿಗಳು ಆರಿಸಿಕೊಂಡ ಬಳಪದ ಕಲ್ಲು ಗಣಿಯಿಂದ ತೆಗೆದಾಗ ಮೆದುವಾಗಿದ್ದು, ಗಾಳಿಗೆ ತೆರೆದುಕೊಂಡಂತೆ ತಕ್ಕಮಟ್ಟಿಗೆ ಗಟ್ಟಿಯಾಗುತ್ತದೆಯಾದರೂ, ಕಣಶಿಲೆಯಷ್ಟು, ಅಂದರೆ ಗ್ರಾನೈಟಿನಷ್ಟು, ಗಡಸು ಎಂದೂ ಆಗುವುದಿಲ್ಲ. ಕಿವಿಯ ಓಲೆಯ ಮಣಿಗಳನ್ನು ಬಿಡಿಬಿಡಿಯಾಗಿ ಕಡೆಯಲು ಒಪ್ಪಿದ ಕಲ್ಲು ಕೀಲಿಗೂ ಅಷ್ಟೇ ಸುಲಭವಾಗಿ ಒಪ್ಪುತ್ತದೆ. ಬಣ್ಣವನ್ನು ತೆಗೆಯಬಹುದು, ಗೀರನ್ನು ತೆಗೆಯಲಾಗದು. ಗೀರನ್ನು ಅಳಿಸುವುದೆಂದರೆ ಅದರ ಸುತ್ತಲಿನ ಕಲ್ಲನ್ನೂ ಅಷ್ಟೇ ಆಳಕ್ಕೆ ಉಜ್ಜಿ ಕಳೆಯುವುದು, ಅದನ್ನು ನಾನು ಮಾಡುವುದಿಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಅವನ ಮಗ ಚಾವಣನೂ ತಮ್ಮ ಮದನಿಕೆಗಳಿಗೆ ಹೆಸರು ಹಾಕಿಲ್ಲವೇ, ಶ್ರವಣಬೆಳಗೊಳದ ಚಿಕ್ಕಬೆಟ್ಟದ ಬಂಡೆಯ ಮೇಲೆ ಯಾತ್ರಿಕರು ಬರೆದುಹೋದ ಹೆಸರುಗಳನ್ನು ನೀವೇ ಶಾಸನವೆಂದು ಕಾಪಾಡುವುದಿಲ್ಲವೇ ಎಂದು ಕಾಲೇಜಿನ ಹುಡುಗರು ವಾದಕ್ಕೆ ನಿಲ್ಲುವುದುಂಟು. ವಾದ ದಡ್ಡತನದ್ದಲ್ಲ. ದಾಸೋಜ ತಾನು ಕೆತ್ತಿದ್ದರ ಮೇಲೆ ಹೆಸರು ಹಾಕಿದ, ಯಾತ್ರಿಕರು ಬರಿಬಂಡೆಯ ಮೇಲೆ ಬರೆದರು. ಇನ್ನೊಬ್ಬ ಕೆತ್ತಿದ ದರ್ಪಣಧಾರಿಯ ತೊಡೆಯ ಮೇಲೆ ಯಾರೂ ಬರೆಯಲಿಲ್ಲ ಎಂದು ನಾನು ಉತ್ತರಿಸುತ್ತೇನೆ.

ಬರಹವನ್ನು ನೋಡಿ ಅದರ ಹೊತ್ತನ್ನು ಹೇಳುವುದು ಸಾಧ್ಯವೇ ಎಂದರೆ, ಗಂಟೆಯ ಲೆಕ್ಕದಲ್ಲಿ ಅಲ್ಲದಿದ್ದರೂ ಸಾಕಷ್ಟು ಮಟ್ಟಿಗೆ ಸಾಧ್ಯ. ಕಪ್ಪುಗಟ್ಟಿದ ಬಳಪದ ಕಲ್ಲಿನ ಮೇಲೆ ಹೊಸ ಗೀರು ಬೂದುಬಿಳುಪಾಗಿ ಕಾಣುತ್ತದೆ. ಭೂತಗನ್ನಡಿ ಹಿಡಿದು ನೋಡಿದರೆ ಗೀರಿನ ತಳದಲ್ಲಿ ಹಿಟ್ಟಿನಂಥ ಪುಡಿ ಕೂತಿರುತ್ತದೆ. ಮಳೆಗೆ ತೆರೆದ ಗೋಡೆಯಲ್ಲಿ ಆ ಪುಡಿ ಒಂದು ಜೋರು ಮಳೆಗೆ ತೊಳೆದುಹೋಗುವುದರಿಂದ, ಪುಡಿ ಇದ್ದರೆ ಬರಹ ಕಳೆದ ಮಳೆಯ ಈಚಿನದು. ಬರಹದ ಎತ್ತರವೂ ಮಾತಾಡುತ್ತದೆ. ನಿಂತ ವಯಸ್ಕರ ಬರಹ ನಾಲ್ಕರಿಂದ ಐದು ಅಡಿಯ ನಡುವೆ, ಮಕ್ಕಳದು ಮೂರಡಿಯ ಆಸುಪಾಸು, ಎರಡಡಿಗಿಂತ ಕೆಳಗಿನದು ಕೂತು ವಿರಮಿಸಿದವರದು. ಆರಡಿಗಿಂತ ಮೇಲಿದ್ದರೆ ಯಾವುದರ ಮೇಲೆ ಹತ್ತಿದರು ಎಂದು ಕೆಳಗೆ ಹುಡುಕುತ್ತೇನೆ, ಮತ್ತು ಬಹಳ ಸಲ ಅದು ಯಾವುದೋ ಶಿಲ್ಪದ ತಲೆಯೇ ಆಗಿರುತ್ತದೆ.

ಸ್ಪ್ರೇ ಬಣ್ಣದ್ದು ಬೇರೆ ಬಗೆ. ಅಂಚು ಹರಿತವಾಗಿದ್ದು ಬಣ್ಣ ಕೆಳಕ್ಕೆ ಸೋರಿದ್ದರೆ ಕ್ಯಾನನ್ನು ಗೋಡೆಗೆ ತೀರ ಹತ್ತಿರ ಹಿಡಿದು ನಿಧಾನವಾಗಿ ಕೈ ಆಡಿಸಿದ್ದಾರೆ, ಅಂದರೆ ಅಭ್ಯಾಸವಿಲ್ಲದವರು. ಗೆರೆಯ ಸುತ್ತ ಮಂಜಿನಂಥ ಚುಕ್ಕೆಗಳು ಹರಡಿದ್ದರೆ ದೂರದಿಂದ ಹೊಡೆದದ್ದು. ಚುಕ್ಕೆಗಳು ಒಂದೇ ಮಗ್ಗುಲಿಗೆ ವಾಲಿದ್ದರೆ ಅದು ಆ ದಿನದ ಗಾಳಿಯ ದಿಕ್ಕು. ಹಾಸನದ ಚಳಿಗಾಲದಲ್ಲಿ ಬೆಳಗಿನ ಜಾವ ಗೋಡೆಯ ಮೇಲೆ ಇಬ್ಬನಿ ಕೂತಿರುತ್ತದೆ. ಆ ತೇವದ ಮೇಲೆ ಹೊಡೆದ ಬಣ್ಣ ಹೊಳಪು ಕಳೆದುಕೊಂಡು ಬಿಳಿಚಿಕೊಳ್ಳುತ್ತದೆ, ಇಲ್ಲವೇ ಕೆಲವು ದಿನಗಳಲ್ಲಿ ಸಿಪ್ಪೆ ಸಿಪ್ಪೆಯಾಗಿ ಏಳುತ್ತದೆ. ಅಂಥ ಬಣ್ಣ ಕಂಡರೆ ಬರೆದವರು ಬೆಳಕು ಹರಿಯುವ ಮೊದಲು ಬಂದಿದ್ದರು ಎಂದು ತಿಳಿಯಬಹುದು.

ಪಟ್ಟಣದ ಕಾಂಪೌಂಡು, ಮೇಲ್ಸೇತುವೆಯ ಕಂಬ, ರೈಲ್ವೆ ಗೋಡೆಗಳ ಮೇಲೆ ಬರೆಯುವವರ ಹೊತ್ತು ಸಾಮಾನ್ಯವಾಗಿ ನಡುರಾತ್ರಿ ಕಳೆದ ಮೇಲಿನದು. ಸಿನಿಮಾ ಪೋಸ್ಟರ್ ಅಂಟಿಸುವವರು ಮೈದಾ ಅಂಟಿನ ಬಕೆಟ್ಟು ಹಿಡಿದು ಹೊರಡುತ್ತಿದ್ದದ್ದೂ, ಚುನಾವಣೆಯ ಗೋಡೆಬರಹದವರು ಸುಣ್ಣ, ಕೆಮ್ಮಣ್ಣು ಕಲಸಿಕೊಂಡು ಹೋಗುತ್ತಿದ್ದದ್ದೂ ಸೆಕೆಂಡ್ ಷೋ ಬಿಟ್ಟು ಊರು ಮಲಗಿದ ಮೇಲೆಯೇ. ಆದರೆ ಹಗಲಿನಲ್ಲಿ ಏಣಿ, ಬಕೆಟ್ಟು, ಬಣ್ಣ ಹತ್ತಿದ ಅಂಗಿಯೊಂದಿಗೆ ಬಂದವನನ್ನು ಯಾರ ಅನುಮತಿ ಇದೆ ಎಂದು ಕೇಳಿದ್ದನ್ನು ನಾನಂತೂ ಕಂಡಿಲ್ಲ. ಕೆಲಸದವನಂತೆ ಕಾಣುವುದು ಕತ್ತಲೆಗಿಂತ ದಪ್ಪ ಪರದೆ.

ಈ ಹವ್ಯಾಸದ ದೊಡ್ಡ ಇತಿಹಾಸ ನ್ಯೂಯಾರ್ಕಿನದು. ಅಲ್ಲಿ ‘ಟಾಕಿ 183’ ಎಂದು ಊರೆಲ್ಲ ಬರೆಯುತ್ತಿದ್ದ ಹುಡುಗನ ಸುದ್ದಿ 1971ರಲ್ಲಿ ಪತ್ರಿಕೆಯಲ್ಲಿ ಬಂದ ಮೇಲೆ ಸುರಂಗ ರೈಲುಗಳೇ ಬರೆಯುವವರ ಮುಖ್ಯ ಫಲಕವಾದವು. ಅವರು ಓಡುವ ರೈಲನ್ನು ಬೆನ್ನತ್ತಲಿಲ್ಲ. ರಾತ್ರಿಯಲ್ಲೂ ವಾರಾಂತ್ಯಗಳಲ್ಲೂ ಯಾರ್ಡುಗಳಲ್ಲಿ, ಸುರಂಗದ ಬಿಡುವಿನ ಹಳಿಗಳ ಮೇಲೆ ನಿಂತ ಬೋಗಿಗಳನ್ನು ಆರಿಸಿಕೊಂಡರು. ಕಾವಲುನಾಯಿ, ಬೇಲಿ, ರಾಸಾಯನಿಕದ ತೊಳೆತ ಯಾವುದರಿಂದಲೂ ಪೂರ್ತಿ ನಿಲ್ಲದ ಇದು, ಶುಚಿಯಾದ ಬೋಗಿಯ ಮೇಲೆ ಬರಹ ಬಿದ್ದರೆ ಅದನ್ನು ಅಳಿಸುವವರೆಗೂ ಓಡಿಸಬಾರದು ಎಂಬ ಕಟ್ಟುನಿಟ್ಟನ್ನು 1984ರಿಂದ ಪಾಲಿಸಿದಾಗ ಸೋತಿತು; 1989ರ ಮೇ ತಿಂಗಳಲ್ಲಿ ಬರಹ ಹೊತ್ತ ಕೊನೆಯ ರೈಲನ್ನು ಓಡಾಟದಿಂದ ಹಿಂತೆಗೆದುಕೊಳ್ಳಲಾಯಿತು. ಯಾರೂ ನೋಡದಂತೆ ಬರೆಯಬೇಕು, ಎಲ್ಲರೂ ನೋಡುವಂತೆ ಉಳಿಯಬೇಕು ಎಂಬುದು ಬರೆಯುವವನ ಲೆಕ್ಕ. ಮೊದಲನೆಯದನ್ನು ತಡೆಯುವುದು ಕಷ್ಟ, ಎರಡನೆಯದನ್ನು ತಡೆಯುವುದು ನಮ್ಮ ಕೈಯಲ್ಲಿದೆ. ನಮ್ಮ ದೇಶದಲ್ಲಿಯೂ ಬಣ್ಣ ಬಿದ್ದ ರೈಲುಗಳುಂಟು: 2022ರಲ್ಲಿ ಅಹಮದಾಬಾದಿನ ಮೆಟ್ರೋ ಬೋಗಿಗಳ ಮೇಲೆ ಸ್ಪ್ರೇ ಹೊಡೆದ ಆರೋಪದಲ್ಲಿ ನಾಲ್ವರು ಇಟಲಿಯ ಪ್ರಜೆಗಳನ್ನು ಬಂಧಿಸಿದ್ದರು.

ಬೇಗ ತೆಗೆಯಬೇಕು ಎಂಬ ಮಾತಿನಿಂದ ಅನಾಹುತವೂ ಆಗುತ್ತದೆ ಎನ್ನುವುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಸಿಮೆಂಟು ಗೋಡೆಯಾದರೆ ಮರುದಿನವೇ ಅದೇ ಬಣ್ಣ ಬಳಿದು ಮುಗಿಸಬಹುದು. ಹಳೆಯ ಕಲ್ಲಿನ ಮೇಲೆ ಉತ್ಸಾಹಿಗಳು ಥಿನ್ನರ್ ಅದ್ದಿದ ಬಟ್ಟೆ ಹಿಡಿದು ಉಜ್ಜಿದರೆ ಬಣ್ಣ ಕರಗಿ, ಹೊರಗೆ ಬರುವ ಬದಲು ಕಲ್ಲಿನ ರಂಧ್ರಗಳಿಗೆ ಇಳಿದು, ಮಸುಕಾದ ಕಲೆಯಾಗಿ ಕಾಯಂ ಉಳಿಯುತ್ತದೆ. ಜಂಬಿಟ್ಟಿಗೆಯಂಥ ತೂತುತೂತಿನ ಕಲ್ಲಿನಲ್ಲಿ ಇದರ ಉಪದ್ರವ ಇನ್ನೂ ಹೆಚ್ಚು. ತಂತಿ ಬ್ರಷ್ಷು, ಆಸಿಡ್ಡು, ವಾಹನ ತೊಳೆಯುವ ಜೆಟ್ ಪಂಪು ಈ ಮೂರನ್ನು ಗುಡಿಯ ಹತ್ತಿರಕ್ಕೂ ತರಬಾರದು. ನಾವು ಮಾಡುವುದು ಪಟ್ಟು ಹಾಕುವ ಕೆಲಸ. ಬಿಳಿ ಜೇಡಿಯನ್ನೋ ಕಾಗದದ ತಿರುಳನ್ನೋ ತಕ್ಕ ದ್ರಾವಕದಲ್ಲಿ ಕಲಸಿ, ಬೆರಳ ದಪ್ಪಕ್ಕೆ ಬಣ್ಣದ ಮೇಲೆ ಮೆತ್ತಿ, ಪಾಲಿಥೀನ್ ಹಾಳೆ ಮುಚ್ಚಿ ಕೆಲವು ಗಂಟೆ ಬಿಡುತ್ತೇವೆ. ಆಮೇಲೆ ಹಾಳೆ ತೆಗೆದು ಒಣಗಲು ಬಿಟ್ಟರೆ ಕರಗಿದ ಬಣ್ಣವನ್ನು ಜೇಡಿ ತನ್ನ ಕಡೆಗೆ ಎಳೆದುಕೊಳ್ಳುತ್ತದೆ. ಒಂದೇ ಸಲಕ್ಕೆ ಹೋಗುವುದು ಅಪರೂಪ. ಯಾವ ದ್ರಾವಕ ಎಂಬುದನ್ನು ಕಣ್ಣಿಗೆ ಬೀಳದ ಮೂಲೆಯಲ್ಲಿ, ಉಗುರಿನಷ್ಟು ಜಾಗದಲ್ಲಿ ಪರೀಕ್ಷಿಸಿಯೇ ತೀರ್ಮಾನಿಸಬೇಕು. ಇದ್ದಿಲಿನ ಬರಹವಿದ್ದರೆ ನೀರು ಸೋಕಿಸದೆ ಒಣ ರಬ್ಬರ್ ಸ್ಪಂಜಿನಿಂದ ಎತ್ತಬೇಕು. ಎಲೆಯಡಿಕೆಯವರು ಕಂಬಕ್ಕೆ ಒರೆಸಿದ ಸುಣ್ಣವನ್ನು ಹಸಿಯಿರುವಾಗಲೇ ತೆಗೆಯದಿದ್ದರೆ ಅದು ಗಾಳಿ ಹೀರಿ ಕಲ್ಲಾಗುತ್ತದೆ.

ಆದ್ದರಿಂದ ಸ್ಮಾರಕದ ಸಿಬ್ಬಂದಿಗೆ ನಾನು ಹೇಳುವುದು ಇಷ್ಟೇ: ಹೊಸ ಬಣ್ಣ ಕಂಡರೆ ಅಡಿಕೋಲು ಪಕ್ಕಕ್ಕಿಟ್ಟು ಫೋಟೋ ತೆಗೆಯಿರಿ, ಗೋಡೆಗೆ ತಾಗದಂತೆ ಬಟ್ಟೆಯ ಮರೆ ಕಟ್ಟಿರಿ, ಉಜ್ಜಬೇಡಿ. ಮರೆ ಕಟ್ಟಿದ ಕ್ಷಣವೇ ಬರಹ ತನ್ನ ಪ್ರೇಕ್ಷಕರನ್ನು ಕಳೆದುಕೊಳ್ಳುತ್ತದೆ. ತೆಗೆಯುವ ಕೆಲಸ ಒಂದು ವಾರ ತಡವಾದರೂ ನಡೆಯುತ್ತದೆ, ಮತ್ತು ಅದರ ಪಕ್ಕದಲ್ಲಿ ಇನ್ನೊಬ್ಬನ ಹೆಸರು ಹುಟ್ಟುವುದಿಲ್ಲ.

ಕ್ಯಾಮೆರಾಗಳ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಅವು ಬಾಗಿಲಲ್ಲಿ ಬಂದವರ ಮುಖ ತೋರಿಸುತ್ತವೆ, ಸಂದಿನಲ್ಲಿ ಬಗ್ಗಿದವರ ಕೈ ತೋರಿಸುವುದಿಲ್ಲ. ಕಾವಲಿನ ಸುತ್ತನ್ನು ಗಂಟೆಗೊಮ್ಮೆ ಎಂದು ನಿಗದಿ ಮಾಡದೆ ಅನಿಯತವಾಗಿಸುವುದು, ಒಮ್ಮೆ ಬಲಕ್ಕೆ ಹೋದರೆ ಮುಂದಿನ ಸಲ ಎಡಕ್ಕೆ ಹೋಗುವುದು, ಊಟದ ಸರದಿಯನ್ನು ಪ್ರವಾಸದ ಬಸ್ಸುಗಳು ಬರುವ ಮುಂಚೆ ಮುಗಿಸುವುದು, ಕೋಟೆಯ ಗೋಡೆಗೆ ಒತ್ತಿ ಬೆಳೆದ ಲಂಟಾನ ಪೊದೆಗಳನ್ನು ಸವರುವುದು ಇವು ಖರ್ಚಿಲ್ಲದ ಕೆಲಸಗಳು ಮತ್ತು ನನ್ನ ಅನುಭವದಲ್ಲಿ ಕ್ಯಾಮೆರಾಕ್ಕಿಂತ ಹೆಚ್ಚು ಫಲಕಾರಿ. ಕಾನೂನು ಮೆದುವಾಗಿಲ್ಲ: ರಾಷ್ಟ್ರೀಯ ಸಂರಕ್ಷಿತ ಸ್ಮಾರಕವನ್ನು ವಿರೂಪಗೊಳಿಸಿದರೆ 1958ರ ಕಾಯಿದೆಗೆ 2010ರಲ್ಲಿ ತಂದ ತಿದ್ದುಪಡಿಯ ಪ್ರಕಾರ ಎರಡು ವರ್ಷದವರೆಗಿನ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗಿನ ದಂಡ ಅಥವಾ ಎರಡೂ ಆಗಬಹುದು. ಬೇಲೂರು, ಹಳೇಬೀಡುಗಳು 2023ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮೇಲೆ ಕಣ್ಗಾವಲಿನ ಹೊಣೆಯೂ ಹೆಚ್ಚಿದೆ.

ಇನ್ನೊಂದು ಬಗೆಯ ಬರಹಕ್ಕೆ ಏನನ್ನೂ ಮಾಡದಿರುವುದೇ ಚಿಕಿತ್ಸೆ. ಮಲೆನಾಡಿನ ಅಂಚಿನ ಗೋಡೆಗಳ ಮೇಲೆ ಮಳೆಗಾಲದ ಹಸಿರು ಪಾಚಿ ಬೇಸಿಗೆಗೆ ಒಣಗಿ ಕಪ್ಪು ಪದರವಾಗುತ್ತದೆ. ಅದರ ಮೇಲೆ ಒಂದು ಕಡ್ಡಿಯಿಂದ ಗೀಚಿದರೂ ಅಕ್ಷರ ಬೆಳ್ಳಗೆ ಎದ್ದು ಕಾಣುತ್ತದೆ. ಗೀಚಿದ್ದು ಪಾಚಿಯನ್ನು ಮಾತ್ರವೇ, ಕಲ್ಲನ್ನೂ ತಾಗಿದೆಯೇ ಎಂದು ಬೆರಳ ತುದಿಯಿಂದ ಸವರಿ ನೋಡಿದರೆ ತಿಳಿಯುತ್ತದೆ. ಕಲ್ಲಿಗೆ ಗಾಯವಾಗಿರದಿದ್ದರೆ ಜೂನ್‌ವರೆಗೆ ಹಾಗೆಯೇ ಬಿಟ್ಟುಬಿಡಿ, ಒಂದೆರಡು ಮಳೆಗಾಲದಲ್ಲಿ ಪಾಚಿ ಮತ್ತೆ ಹಬ್ಬಿ ಮುಚ್ಚುತ್ತದೆ. ಅಕ್ಟೋಬರಿನಲ್ಲಿ, ಮಳೆ ನಿಂತು ಪ್ರವಾಸದ ಬಸ್ಸುಗಳು ಇನ್ನೂ ಶುರುವಾಗದ ಆ ನಡುವಿನ ವಾರಗಳಲ್ಲಿ, ಇಡೀ ಗೋಡೆಯನ್ನು ಒಮ್ಮೆ ಸುತ್ತಿ ಇರುವ ಬರಹಗಳ ಜಾಗ, ಎತ್ತರ, ಬಳಸಿದ ವಸ್ತುಗಳನ್ನು ಒಂದು ರಿಜಿಸ್ಟರಿನಲ್ಲಿ ಬರೆದಿಟ್ಟುಕೊಂಡರೆ, ಜನವರಿಯಲ್ಲಿ ಕಾಣುವುದರಲ್ಲಿ ಯಾವುದು ಹೊಸದು ಎಂಬ ಗೊಂದಲ ಇರುವುದಿಲ್ಲ.