ನೂರಕ್ಕೆ ನೂರು ರಿಸಲ್ಟ್ ಇರುವ ಶಾಲೆಯ ಪಕ್ಕದಲ್ಲೇ ಮನೆ ತಗೊಳ್ಳಬೇಕಾ?

ಪ್ರಶ್ನೆ: ಮೇಡಂ, ಕುಶಾಲನಗರದಲ್ಲಿ ಎರಡು ಮನೆ ನೋಡಿದ್ದೇವೆ. ಮಗ ಮೂರನೇ ಕ್ಲಾಸು, ಮಗಳಿಗೆ ಐದು ವರ್ಷ. ಒಂದು ಮನೆಯ ಹತ್ತಿರದ ಶಾಲೆಗೆ ಎಸ್ಸೆಸ್ಸೆಲ್ಸಿಯಲ್ಲಿ ನೂರಕ್ಕೆ ನೂರು ರಿಸಲ್ಟ್ ಅಂತೆ. ಅದಕ್ಕೇ ಬ್ರೋಕರ್ ನಾಲ್ಕು ಲಕ್ಷ ಜಾಸ್ತಿ ಹೇಳ್ತಿದ್ದಾರೆ. ನಂಬಿ ತಗೊಳ್ಳಬಹುದಾ?

ಏಪ್ರಿಲ್, ಮೇ ಬಂತೆಂದರೆ ಈ ಪ್ರಶ್ನೆ ಬಂದೇ ಬರುತ್ತದೆ. ಒಂದು ಸಲ ಗೋಣಿಕೊಪ್ಪ, ಇನ್ನೊಂದು ಸಲ ಸೋಮವಾರಪೇಟೆ, ಊರು ಮಾತ್ರ ಬೇರೆ. ಎಷ್ಟು ಸಲ ಉತ್ತರ ಹೇಳಿದ್ದೇನೋ ನನಗೇ ನೆನಪಿಲ್ಲ. ಇನ್ನೊಮ್ಮೆ ಹೇಳುತ್ತೇನೆ. ದಯವಿಟ್ಟು ಅಡ್ವಾನ್ಸ್ ಕೊಡುವ ಮೊದಲು ಓದಿ.

ಆ ಒಂದು ಅಂಕಿ ನೋಡಿ ನಾಲ್ಕು ಲಕ್ಷ ಕೊಡಬೇಡಿ. ಇಪ್ಪತ್ತೆಂಟು ವರ್ಷ ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಈ ನೂರು ಹೇಗೆ ಬರುತ್ತದೆ ಅಂತ ಚೆನ್ನಾಗಿ ಗೊತ್ತು.

ಪರೀಕ್ಷೆಗೆ ಕೂತವರಲ್ಲಿ ಎಷ್ಟು ಜನ ಪಾಸಾದರು, ರಿಸಲ್ಟ್ ಅಂದರೆ ಅಷ್ಟೇ. ಕೂರದೇ ಹೋದವರ ಸುದ್ದಿ ಅದರಲ್ಲಿ ಇರುವುದಿಲ್ಲ. ಎಂಟನೇ ಕ್ಲಾಸಿನಲ್ಲಿ 60 ಮಕ್ಕಳಿದ್ದರು ಅಂತಿಟ್ಟುಕೊಳ್ಳಿ. ಹತ್ತರಲ್ಲಿ ಪರೀಕ್ಷೆ ಬರೆದವರು 43. ಅಷ್ಟೂ ಮಂದಿ ಪಾಸು. ಗೇಟಿನ ಮೇಲೆ ಫ್ಲೆಕ್ಸ್ ಬಂತು. ಉಳಿದ 17 ಮಕ್ಕಳು ಎಲ್ಲಿ ಹೋದರು? ಕೆಲವರ ಅಪ್ಪ ಅಮ್ಮನಿಗೆ ವರ್ಗ ಆಗಿರಬಹುದು. ಆದರೆ ಒಂಬತ್ತರ ಕೊನೆಗೆ ಪೋಷಕರನ್ನು ಕರೆಸಿ, "ನಿಮ್ಮ ಹುಡುಗನಿಗೆ ಇಲ್ಲಿ ಕಷ್ಟ ಆಗುತ್ತೆ, ಟಿಸಿ ತಗೊಂಡುಬಿಡಿ" ಅನ್ನುವುದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಖಾಸಗಿ ಅಭ್ಯರ್ಥಿಯಾಗಿ ಪರೀಕ್ಷೆ ಕಟ್ಟಿಸುವುದೂ ಉಂಟು. ಆಗ ಆ ಮಗು ಫೇಲಾದರೂ ಶಾಲೆಯ ಲೆಕ್ಕಕ್ಕೆ ಸೇರುವುದಿಲ್ಲ.

ಪಾಸು ಅನ್ನುವುದೂ ಹಾಗೆಯೇ. 625ಕ್ಕೆ 590 ತೆಗೆದವಳೂ ಪಾಸು, ಹೇಗೋ ದಡ ಮುಟ್ಟಿದವನೂ ಪಾಸು. ಈಗ ವರ್ಷಕ್ಕೆ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬೇರೆ. ಫ್ಲೆಕ್ಸಿನಲ್ಲಿರುವುದು ಮೊದಲನೆಯದರ ಫಲಿತಾಂಶವಾ, ಎಲ್ಲವೂ ಮುಗಿದ ಮೇಲಿನದಾ ಅಂತ ಕೇಳಬೇಕು. ಒಟ್ಟು ಮಕ್ಕಳೇ ಹನ್ನೆರಡು ಇರುವ ಶಾಲೆಯಾದರೆ ಒಬ್ಬ ಹುಡುಗ ಜ್ವರದಲ್ಲಿ ಬರೆದು ಫೇಲಾದರೂ ನೂರು ಇದ್ದದ್ದು ತೊಂಬತ್ತೆರಡಕ್ಕೆ ಇಳಿಯುತ್ತದೆ.

ನಮ್ಮ ಕೊಡಗಿನಲ್ಲಿ ಇನ್ನೊಂದು ವಿಷಯವಿದೆ. ತೋಟದ ಲೈನ್ ಮನೆ (ಕಾರ್ಮಿಕರ ಸಾಲುಮನೆ) ಮಕ್ಕಳು ವರ್ಷದ ನಡುವೆ ಬಂದು ಸೇರುತ್ತಾರೆ, ನಡುವೆಯೇ ಹೋಗುತ್ತಾರೆ. ಕಾಫಿ ಕುಯ್ಲು ಶುರುವಾದರೆ ಕೆಲವರು ಪುಟ್ಟ ತಮ್ಮ-ತಂಗಿಯರನ್ನು ನೋಡಿಕೊಳ್ಳಲು ಮನೆಯಲ್ಲೇ ಉಳಿಯುತ್ತಾರೆ. ಇಂಥವರನ್ನೂ ಸೇರಿಸಿಕೊಳ್ಳುವ ಶಾಲೆಗೆ ನೂರು ಬರುವುದು ಸುಲಭವಲ್ಲ. ನನ್ನ ತರಗತಿಗೆ ಒಬ್ಬಳು ಹುಡುಗಿ ಒಂಬತ್ತಕ್ಕೆ ಬಂದಳು. ಭಾಗಾಕಾರವೇ ಬರುತ್ತಿರಲಿಲ್ಲ. ಎರಡು ವರ್ಷ ಸಂಜೆ ಬೆಲ್ ಹೊಡೆದ ಮೇಲೆ ಮುಕ್ಕಾಲು ಗಂಟೆ ಕೂರಿಸಿಕೊಂಡೆ. ಗಣಿತದಲ್ಲಿ 52 ತೆಗೆದಳು. ಆ 52ರ ಬಗ್ಗೆ ನನಗೆ ಇವತ್ತಿಗೂ ಹೆಮ್ಮೆ. ಅದೇ ವರ್ಷ ನಮ್ಮಲ್ಲಿ ಇಬ್ಬರು ಫೇಲಾದರು. ಫ್ಲೆಕ್ಸ್ ಹಾಕಲಿಲ್ಲ. ಹೇಳಿ, ಆ ವರ್ಷ ನಮ್ಮ ಶಾಲೆ ಕೆಟ್ಟದಾಗಿತ್ತಾ?

ಹಾಗಾದರೆ ಏನು ನೋಡಬೇಕು? ಯುಡೈಸ್ ಅಂದರೆ ಶಾಲೆಗಳ ಮಾಹಿತಿ ಇಡುವ ಸರ್ಕಾರದ ವ್ಯವಸ್ಥೆ; ಅದರಲ್ಲಿ ಪ್ರತಿ ಶಾಲೆಗೂ 11 ಅಂಕಿಯ ಕೋಡ್ ಇರುತ್ತದೆ. ಯುಡೈಸ್ ವೆಬ್‌ಸೈಟಿನಲ್ಲಿ ಶಾಲೆಯ ರಿಪೋರ್ಟ್ ಕಾರ್ಡ್ ತೆಗೆದರೆ ಯಾವ ಕ್ಲಾಸಿನಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು ಅಂತ ಸಿಗುತ್ತದೆ. ಒಂದು ವರ್ಷದ ಎಂಟನೇ ಕ್ಲಾಸಿನ ಸಂಖ್ಯೆ ಬರೆದುಕೊಳ್ಳಿ, ಎರಡು ವರ್ಷ ಬಿಟ್ಟು ಹತ್ತನೆಯದನ್ನು ನೋಡಿ. ತುಂಬಾ ಇಳಿದಿದ್ದರೆ ಯಾಕೆ ಅಂತ ಹೆಡ್‌ಮಾಸ್ಟರನ್ನೇ ಕೇಳಿ. ಶಿಕ್ಷಣ ಹಕ್ಕು ಕಾಯಿದೆ ಐದರವರೆಗೆ 30 ಮಕ್ಕಳಿಗೆ ಒಬ್ಬರು, ಆರರಿಂದ ಎಂಟಕ್ಕೆ 35 ಮಕ್ಕಳಿಗೆ ಒಬ್ಬರು ಶಿಕ್ಷಕರು ಬೇಕು ಅನ್ನುತ್ತದೆ. ಸಿಬಿಎಸ್‌ಇ ಅಂತ ಬೋರ್ಡ್ ಹಾಕಿದ್ದರೆ ನಿಜವಾಗಿಯೂ ಮಾನ್ಯತೆ ಇದೆಯಾ ಅಂತ ಸಿಬಿಎಸ್‌ಇಯ ಸ್ವಂತ ವೆಬ್‌ಸೈಟಿನಲ್ಲೇ ನೋಡಿ.

ಆಮೇಲೆ ಅಕ್ಕಪಕ್ಕದ ಮನೆಯ ಮಗುವಿನ ನೋಟ್‌ಬುಕ್ ಕೇಳಿ ತಗೊಳ್ಳಿ. ಕೆಂಪು ಶಾಯಿಯನ್ನು ಗಮನಿಸಿ. ಪುಟ ಪುಟಕ್ಕೂ ಬರೀ ರೈಟ್ ಹಾಕಿ ಸಹಿ ಮಾಡಿದ್ದಾರಾ, ತಪ್ಪು ಎಲ್ಲಾಗಿದೆ ಅಂತ ತೋರಿಸಿ ಮತ್ತೆ ಬರೆಸಿದ್ದಾರಾ? ನನ್ನನ್ನು ಕೇಳಿದರೆ ಶಾಲೆಯ ಗುಣ ತಿಳಿಯಲು ಇದಕ್ಕಿಂತ ಒಳ್ಳೆ ದಾರಿ ಇಲ್ಲ.

ಮನೆ ಪಕ್ಕದಲ್ಲಿದೆ ಅಂದ ಮಾತ್ರಕ್ಕೆ ಖಾಸಗಿ ಶಾಲೆಯಲ್ಲಿ ಸೀಟು ಸಿಕ್ಕೇ ಸಿಗುತ್ತದೆ ಅಂತಲೂ ಇಲ್ಲ. ಕೂಡಿಗೆಯಲ್ಲಿ ಸೈನಿಕ ಶಾಲೆ ಇದೆ ಅಂತ ಕುಶಾಲನಗರದ ಕಡೆ ಮನೆ ಹುಡುಕುವವರಿದ್ದಾರೆ. ಅದು ವಸತಿ ಶಾಲೆ. ಆರು, ಒಂಬತ್ತನೇ ಕ್ಲಾಸಿಗೆ ದೇಶಕ್ಕೆಲ್ಲ ಒಂದೇ ಪ್ರವೇಶ ಪರೀಕ್ಷೆ. ಗಾಳಿಬೀಡಿನ ನವೋದಯಕ್ಕೂ ಆರನೇ ಕ್ಲಾಸಿಗೆ ಪರೀಕ್ಷೆ ಬರೆದೇ ಹೋಗಬೇಕು. ಅಲ್ಲಿ ಕನಿಷ್ಠ 75 ಶೇಕಡಾ ಸೀಟು ಗ್ರಾಮೀಣ ಮಕ್ಕಳಿಗೆ. ಆ ಸೀಟಿಗೆ ಮೂರು, ನಾಲ್ಕು, ಐದನೇ ಕ್ಲಾಸು ಹಳ್ಳಿಯ ಶಾಲೆಯಲ್ಲೇ ಓದಿರಬೇಕು. ನಿಮ್ಮ ಮಗ ಈಗ ಮೂರರಲ್ಲಿದ್ದಾನೆ, ಆ ಆಸೆ ಇದ್ದರೆ ಪೇಟೆ ಶಾಲೆಗೆ ಸೇರಿಸುವ ಮೊದಲು ಯೋಚನೆ ಮಾಡಿ.

ಇನ್ನು ಮನೆಯನ್ನು ಬೇಸಿಗೆಯಲ್ಲಿ ನೋಡಿ ತೀರ್ಮಾನ ಮಾಡಬೇಡಿ. 2018 ಮತ್ತು 2019ರ ಆಗಸ್ಟಿನಲ್ಲಿ ಕುಶಾಲನಗರದ ಕೆಲವು ಬಡಾವಣೆಗಳಿಗೆ ಕಾವೇರಿ ನುಗ್ಗಿದ್ದು ಎಲ್ಲರಿಗೂ ಗೊತ್ತು. ಎರಡೂ ಮನೆಯ ಅಕ್ಕಪಕ್ಕದವರನ್ನು ಕೇಳಿ, ಆಗ ನೀರು ಎಲ್ಲಿವರೆಗೆ ಬಂದಿತ್ತು ಅಂತ. ಜುಲೈ ಮಳೆಯಲ್ಲಿ ಶಾಲೆ ವ್ಯಾನು ಮನೆ ಬಾಗಿಲಿಗೆ ಬರುತ್ತದಾ, ಮಗು ಮುಖ್ಯ ರಸ್ತೆವರೆಗೆ ನಡೆಯಬೇಕಾ ಅನ್ನುವುದನ್ನೂ ಕೇಳಿ. ಒಂದನೇ ಕ್ಲಾಸಿನ ಮಗುವಿಗೆ ಒದ್ದೆ ಯೂನಿಫಾರ್ಮಿನಲ್ಲಿ ಸಂಜೆವರೆಗೆ ಕೂರುವುದು ಸಣ್ಣ ಕಷ್ಟವಲ್ಲ.

ನೀವು ಕೇಳಲಿಲ್ಲ, ಆದರೂ ಒಂದು ಮಾತು. ಹತ್ತರ ನಂತರ ಏನು? ಇಲ್ಲೂ ಪಿಯು ಕಾಲೇಜುಗಳಿವೆ. ಆದರೆ ನಮ್ಮ ಮಕ್ಕಳಲ್ಲಿ ಎಷ್ಟೋ ಜನ, ಅದರಲ್ಲೂ ಸೈನ್ಸ್ ತಗೊಳ್ಳುವವರು, ಮಂಗಳೂರಿಗೋ ಮೈಸೂರಿಗೋ ಹೊರಡುತ್ತಾರೆ. ನಿಮ್ಮ ಮಗನಿಗೆ ಈ ಶಾಲೆ ಬೇಕಾಗುವುದು ಇನ್ನು ಏಳೆಂಟು ವರ್ಷ. ಆಮೇಲೆ ಹಾಸ್ಟೆಲ್, ಫೀಸು, ವಾರಕ್ಕೊಮ್ಮೆ ಬಸ್ಸು. ಫ್ಲೆಕ್ಸ್ ನೋಡಿ ಕೊಡಬೇಕೆಂದಿರುವ ಆ ನಾಲ್ಕು ಲಕ್ಷವನ್ನು ಮಕ್ಕಳ ಹೆಸರಿನಲ್ಲಿ ಠೇವಣಿ ಇಡಿ. ಆಗ ಬೇಕಾಗುತ್ತದೆ.