ಕ್ಯಾಮೆರಾಗಿಂತ ಮುಂಚೆ ನೀರಿನ ಮಟ್ಟ ನೋಡಿ

ಹಾಸನದಲ್ಲಿ ಹಕ್ಕಿ ಫೋಟೋಗ್ರಫಿ ಕಲಿಯೋಕೆ ನನ್ನ ಹತ್ರ ಬರೋರು ಮೊದಲು ಕೇಳೋದು ಯಾವ ಲೆನ್ಸ್ ತಗೋಬೇಕು ಸಾರ್ ಅಂತ. ನಾನು ಅವರನ್ನ ಮೊದಲು ಕೇಳೋದು ಇವತ್ತು ಗೊರೂರು ಡ್ಯಾಮ್ ಮಟ್ಟ ಎಷ್ಟಿದೆ ಅಂತ. ಗೊರವ (ಸ್ಯಾಂಡ್‌ಪೈಪರ್), ಟಿಟ್ಟಿಭ (ಲ್ಯಾಪ್‌ವಿಂಗ್), ಪ್ಲೋವರ್ ಥರ ನೀರಂಚಲ್ಲಿ ನಡ್ಕೊಂಡು ಮೇಯೋ ಹಕ್ಕಿಗಳ ಫೋಟೋ ಬೇಕು ಅಂದ್ರೆ ಪೇಪರ್‌ನಲ್ಲಿ ಬರೋ ಆ ಅಡಿ ಲೆಕ್ಕವೇ ಮೊದಲ ಪಾಠ.

ಗೊರೂರಿನ ಈ ಹೇಮಾವತಿ ಡ್ಯಾಮ್ ತುಂಬಿದ್ರೆ ಸಮುದ್ರ ಮಟ್ಟದಿಂದ 2922 ಅಡಿ. ಆವಾಗ ನೀರು ಗಿಡದ ಬುಡದವರೆಗೂ ನಿಂತಿರುತ್ತೆ, ಈ ಹಕ್ಕಿಗಳಿಗೆ ಕಾಲೂರೋಕೆ ಜಾಗ ಇರಲ್ಲ. ಬೇಸಿಗೆ ಹತ್ರ ಬಂದ ಹಾಗೆ ನೀರು ಇಳಿದು, ಹಿನ್ನೀರಲ್ಲಿ ಮುಳುಗೋ ಶೆಟ್ಟಿಹಳ್ಳಿ ಹಳೇ ಚರ್ಚ್ ಸುತ್ತ ಜನ ಓಡಾಡೋ ಹಾಗಾಯ್ತು ಅಂದ್ರೆ ಹಿನ್ನೀರಿನ ಬಂಡೆ, ಜಲ್ಲಿ, ಕೆಸರು ಎಲ್ಲ ಹೊರಗೆ ಬಂದಿರುತ್ತೆ, ಅದರಲ್ಲೂ ನೀರು ಆಗಷ್ಟೇ ಬಿಟ್ಟುಹೋದ ಆ ಒದ್ದೆ ಪಟ್ಟಿ ಇದೆಯಲ್ಲ, ಹುಳುಹುಪ್ಪಟೆ ಇರೋದೇ ಅಲ್ಲಿ, ಹಾಗಾಗಿ ಹಕ್ಕಿನೂ ಅಲ್ಲೇ. ಒಣಗಿದ ಮೇಲೆ ಹುಳ ಸಿಗಲ್ಲ, ಆಳ ಆದ್ರೆ ಕಾಲು ಎಟುಕಲ್ಲ.

ಕರಾವಳಿ ಬಂಡೆಗಳಲ್ಲಿ ಇದೇ ಕೆಲಸನ ಸಮುದ್ರ ಹೆಚ್ಚೂಕಡಿಮೆ ಆರಾರು ಗಂಟೆಗೆ ಮಾಡುತ್ತೆ. ಶಿರಾಡಿ ಘಾಟಿ ಇಳಿದು ಉಳ್ಳಾಲದ ಸೋಮೇಶ್ವರಕ್ಕೆ ಹೋಗೋ ಪ್ಲ್ಯಾನ್ ಇದ್ರೆ ಉಬ್ಬರ ಇಳಿತದ ಟೈಮ್ ನೋಡ್ಕೊಂಡೇ ಹೊರಡಿ, ಅದು ದಿನಾ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತೆ, ನಿನ್ನೆ ಟೈಮು ಇವತ್ತಿಗೆ ಆಗಲ್ಲ. ಫೋಟೋಗೆ ನನಗೆ ಇಷ್ಟ ನೀರು ಏರ್ತಾ ಇರೋ ಹೊತ್ತು, ಯಾಕಂದ್ರೆ ಅಲೆನೇ ಹಕ್ಕಿಗಳನ್ನ ನಮ್ಮ ಕಡೆಗೆ ತಳ್ಳುತ್ತೆ. ಆದ್ರೆ ಪಾಚಿ ಬಂಡೆ ಮೇಲೆ ಕೂತು ವ್ಯೂಫೈಂಡರ್‌ನಲ್ಲೇ ಕಣ್ಣಿಟ್ಟು ಹಿಂದೆ ನೀರು ಸುತ್ತಿದ್ದು ಗೊತ್ತಾಗದೇ ಇರೋದು ತುಂಬಾ ಅಪಾಯ, ವಾಪಸ್ ಬರೋ ದಾರಿ ಮೊದಲೇ ನೋಡಿಟ್ಕೊಳ್ಳಿ.

ಶುರು ಮಾಡಿದ ವರ್ಷ ನಾನು ಒಂದು ಕಾಮನ್ ಸ್ಯಾಂಡ್‌ಪೈಪರ್ ಹಿಂದೆ ಇಡೀ ಬೆಳಗ್ಗೆ ನಡೆದಿದ್ದೆ. ಬಾಲದ ಕಡೆ ಮೈ ಮೇಲೆ ಕೆಳಗೆ ಕುಣಿಸ್ತಾನೇ ಇರುತ್ತೆ, ಎದೆ ಪಕ್ಕದ ಬಿಳಿ ಬಣ್ಣ ರೆಕ್ಕೆಯ ಮುಂದೆ ಮೇಲಕ್ಕೆ ಏರಿರುತ್ತೆ, ಅದೇ ಗುರುತು. ಹತ್ರ ಹೋದ್ರೆ ನೀರಿಗೆ ತಾಗೋ ಹಾಗೆ ಹಾರಿ, ಅರ್ಧ ಸುತ್ತು ಹಾಕಿ, ಮುಂದಿನ ಬಂಡೆ ಮೇಲೆ ಕೂರೋದು, ನಾನು ಮತ್ತೆ ಹೋಗೋದು. ಅಲ್ಲಿ ಬಲೆ ಬಿಡಿಸ್ತಿದ್ದ ಅಜ್ಜ ಒಬ್ರು, "ಒಂದ್ ಕಡೆ ಕುಂತ್ಕಳಪ್ಪ, ಅದು ಅಂಚಿಡ್ಕಂಡ್ ಮೇಯ್ಕಂಡ್ ಇಲ್ಲಿಗೇ ಬತ್ತದೆ" ಅಂದ್ರು. ಕೂತೆ. ಮುಕ್ಕಾಲು ಗಂಟೆ ಆದ್ಮೇಲೆ ಬಂತು, ಎಷ್ಟು ಹತ್ರ ಅಂದ್ರೆ ನನ್ನ ಲೆನ್ಸ್ ಫೋಕಸ್ಸೇ ಆಗಲಿಲ್ಲ. ಇವತ್ತಿಗೂ ನಾನು ಹೇಳಿಕೊಡೋದು ಅದನ್ನೇ.

ಹಾಗಾಗಿ ಬೆಳಕಾಗೋ ಮುಂಚೆನೇ ಹೋಗಿ, ಸೂರ್ಯ ಬೆನ್ನ ಹಿಂದೆ ಬರೋ ಥರ ಜಾಗ ಹಿಡಿದು, ಹೊಟ್ಟೆ ಮೇಲೆ ಮಲಗಿ. ಲೆನ್ಸ್ ಹಕ್ಕಿಯ ಕಣ್ಣಿನ ಮಟ್ಟಕ್ಕೆ ಬರಬೇಕು, ನಿಂತು ತೆಗೆದ್ರೆ ಹಕ್ಕಿ ಕಲ್ಲಲ್ಲಿ ಕಲ್ಲಾಗಿ ಹೋಗುತ್ತೆ. ಟ್ರೈಪಾಡ್ ಬೇಡ, ಬಟ್ಟೆ ಚೀಲಕ್ಕೆ ಎರಡು ಸೇರು ರಾಗಿ ತುಂಬಿ ಲೆನ್ಸ್ ಕೆಳಗಿಡಿ ಸಾಕು. ಕಪ್ಪು ಬಂಡೆ ಫ್ರೇಮ್ ತುಂಬಾ ಇದ್ರೆ ಕ್ಯಾಮೆರಾ ಕತ್ತಲೆ ಅನ್ಕೊಂಡು ಬೆಳಕು ಜಾಸ್ತಿ ಮಾಡುತ್ತೆ, ಗೊರವದ ಬಿಳಿ ಹೊಟ್ಟೆ ಫೋಟೋದಲ್ಲಿ ಸುಟ್ಟುಹೋಗಿ ಬರೀ ಬಿಳಿ ಕಲೆ ಆಗುತ್ತೆ, ಅದಕ್ಕೆ ಎಕ್ಸ್‌ಪೋಶರ್ ಮೈನಸ್ ಒಂದರವರೆಗೆ ಇಳಿಸಿ. ನಡೆಯೋ ಹಕ್ಕಿಗೆ ಶಟರ್ ಸ್ಪೀಡ್ 1/1000 ಸೆಕೆಂಡ್, ಹಾರೋದಕ್ಕೆ 1/2000. ಬಿಸಿಲೇರಿ ಕಲ್ಲು ಕಾದ್ಮೇಲೆ ಗಾಳಿ ನಡುಗುತ್ತೆ, ಎಂಥಾ ಲೆನ್ಸಾದ್ರೂ ಶಾರ್ಪ್ ಬರಲ್ಲ, ಆವಾಗ ಕ್ಯಾಮೆರಾ ಬ್ಯಾಗಿಗೆ ಹಾಕಿ ಬೈನಾಕ್ಯುಲರ್ ತಗೊಳ್ಳಿ.

ಮೇಯೋದನ್ನ ನೋಡೋಕೆ ಕಲಿತ್ರೆ ಯಾವ ಹಕ್ಕಿ ಅನ್ನೋದೂ ತಾನಾಗೇ ಗೊತ್ತಾಗುತ್ತೆ. ಪ್ಲೋವರ್‌ಗೆ ಕೊಕ್ಕು ಗಿಡ್ಡ, ಕಣ್ಣು ದೊಡ್ಡದು, ಕಣ್ಣಲ್ಲೇ ಬೇಟೆ: ಓಡುತ್ತೆ, ನಿಲ್ಲುತ್ತೆ, ಬಗ್ಗಿ ಹೆಕ್ಕುತ್ತೆ. ಆ ನಿಲ್ಲೋ ಕ್ಷಣವೇ ನಮ್ಮ ಫೋಟೋ. ಕಣ್ಣ ಸುತ್ತ ಹಳದಿ ಉಂಗುರ ಇದ್ರೆ ಲಿಟಲ್ ರಿಂಗ್ಡ್ ಪ್ಲೋವರ್. ಕರಾವಳಿಯಲ್ಲಿ ರಡ್ಡಿ ಟರ್ನ್‌ಸ್ಟೋನ್ ಸಿಕ್ರೆ ಬಿಡಬೇಡಿ, ಕೊಕ್ಕಲ್ಲಿ ಕಲ್ಲು ಮಗುಚಿ ಮಗುಚಿ ಕೆಳಗಿರೋದನ್ನ ತಿನ್ನುತ್ತೆ.

ಮೇಯೋದು ಬಿಟ್ಟು ಕತ್ತು ಎತ್ತಿ ನಿಂತ್ರೆ ನಮ್ಮನ್ನ ನೋಡಿದೆ ಅಂತ ಅರ್ಥ, ಅಲ್ಲೇ ನಿಲ್ಲಿ. ಇವುಗಳಲ್ಲಿ ಎಷ್ಟೋ ಹಕ್ಕಿ ಸಾವಿರಾರು ಕಿಲೋಮೀಟರ್ ಹಾರಿ ಬಂದವು, ಮಾರ್ಚ್ ಏಪ್ರಿಲ್‌ನಲ್ಲಿ ಮತ್ತೆ ಅಷ್ಟೇ ದೂರ ಹೋಗೋವು, ಒಂದೊಂದು ಸಲ ಎಬ್ಬಿಸಿದಾಗಲೂ ಮೈಗೆ ಕೂಡಿಸಿಕೊಂಡ ಕೊಬ್ಬು ಖರ್ಚಾಗುತ್ತೆ. ಅದೇ ಟೈಮಿಗೆ ಇಲ್ಲೇ ಇರೋ ಟಿಟ್ಟಿಭ, ಲಿಟಲ್ ರಿಂಗ್ಡ್ ಪ್ಲೋವರ್ ಬರೀ ಜಲ್ಲಿ ಮೇಲೆ ಕಲ್ಲಿನ ಬಣ್ಣದ ಮೊಟ್ಟೆ ಇಡ್ತವೆ, ಕಾಲ ಕೆಳಗಿದ್ರೂ ಕಾಣಲ್ಲ. ಟಿಟ್ಟಿಭ ಹೊಟ್ಟೆಯ ಪುಕ್ಕ ನೀರಲ್ಲಿ ನೆನೆಸಿಕೊಂಡು ಬಂದು ಮೊಟ್ಟೆ ತಂಪು ಮಾಡುತ್ತೆ, ನಾವು ಅಲ್ಲಿ ಅಡ್ಡ ನಿಂತ್ರೆ ಬಿಸಿಲಿಗೆ ಮೊಟ್ಟೆ ಬೇಯೋ ಅಪಾಯ ಇದೆ. ತಲೆ ಮೇಲೆ ಸುತ್ತಿ ಕಿರುಚ್ತಾ ಇದ್ರೆ ಬಂದ ದಾರೀಲೇ ವಾಪಸ್ ಹೋಗಿ. ಏಪ್ರಿಲ್‌ನಲ್ಲಿ ನಾನು ಜಲ್ಲಿ ದಂಡೆಗೆ ಇಳಿಯೋದೇ ಇಲ್ಲ, ಮೇಲೆ ರಸ್ತೆ ಪಕ್ಕ ಗಾಡಿ ನಿಲ್ಲಿಸಿ ಬೈನಾಕ್ಯುಲರ್‌ನಲ್ಲಿ ನೋಡಿ ಬರ್ತೀನಿ.